ಕಾರಂಜಾ ಜಲಾಶಯಕ್ಕೆ ಕಾರಿನ ಹಿಂದೆ ಎಳೆದೊಯ್ಯುವ ಕುಟುಂಬದ ಹಾಯಿದೋಣಿ ಹೇಗಿರಬೇಕು?

ಬೀದರಿನಲ್ಲಿ ಮನೆ, ಇಬ್ಬರು ಮಕ್ಕಳು, ಒಂದು ಚಿಕ್ಕ ಕಾರು. ರಜೆಯ ದಿನಗಳಲ್ಲಿ ಕಾರಂಜಾ ಜಲಾಶಯದಲ್ಲಿ ಹಾಯಿದೋಣಿ ನಡೆಸಬೇಕೆಂಬ ಆಸೆ. ಅದಕ್ಕೆ ಭಾರವಾದ ಕೀಲ್, ಅಂದರೆ ತಳಕ್ಕೆ ಬಿಗಿದ ತೂಕದ ರೆಕ್ಕೆ, ಇರುವ ದೋಣಿ ಸರಿಯೋ, ಎತ್ತಿಳಿಸುವ ಹಲಗೆಯ ದೋಣಿ ಸರಿಯೋ ಎಂದು ನೀವು ಕೇಳಿದ್ದೀರಿ. ನಾನು ಕಲಬುರಗಿಯವನು. ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದಾಗ ಹುಸೇನ್ ಸಾಗರದಲ್ಲಿ ಎಂಟರ್‌ಪ್ರೈಸ್ ಎಂಬ ಇಬ್ಬರ ದೋಣಿಯನ್ನು ನಡೆಸಲು ಕಲಿತು, ಊರಿಗೆ ಮರಳಿದ ಮೇಲೆ ಪ್ಲೈವುಡ್ಡಿನ ದೋಣಿಯೊಂದನ್ನು ನಾನೇ ಕಟ್ಟಿ ಕೆಲವು ವರ್ಷ ಬಳಸಿದ್ದೇನೆ. ನನ್ನ ಉತ್ತರ ಹಲಗೆಯ ಕಡೆಗಿದೆ, ಏಕೆಂದರೆ ನಮ್ಮ ಭಾಗದಲ್ಲಿ ದೋಣಿಯ ವಿನ್ಯಾಸವನ್ನು ಬಹುಮಟ್ಟಿಗೆ ದಂಡೆಯೇ ನಿರ್ಧರಿಸುತ್ತದೆ.

ಹಾಯಿಗೆ ಬಡಿಯುವ ಗಾಳಿ ದೋಣಿಯನ್ನು ಮುಂದಕ್ಕೆ ಮಾತ್ರವಲ್ಲ, ಅಡ್ಡಕ್ಕೂ ತಳ್ಳುತ್ತದೆ. ಆ ಅಡ್ಡ ಜಾರುವಿಕೆಯನ್ನು ತಡೆಯಲು ನೀರಿನೊಳಗೆ ಒಂದು ಆಳವಾದ ಹಲಗೆ ಬೇಕು. ಕೀಲ್ ಆ ಕೆಲಸದ ಜೊತೆಗೆ ತನ್ನ ತೂಕದಿಂದ ದೋಣಿ ಮಗುಚದಂತೆಯೂ ನೋಡಿಕೊಳ್ಳುತ್ತದೆ. ಆದರೆ ಅಂಥ ಭಾರದ ದೋಣಿಯನ್ನು ನೀರಿಗಿಳಿಸಲು ಗಟ್ಟಿಯಾದ ಇಳಿಜಾರು ಇರಬೇಕು. ಸೆಂಟರ್‌ಬೋರ್ಡ್ ಎನ್ನುವ ಹಲಗೆ ದೋಣಿಯ ನಡುವಿನ ಪೆಟ್ಟಿಗೆಯೊಳಗೆ ತಿರುಗಿ ಮೇಲೇಳುತ್ತದೆ. ಇಯಾನ್ ಪ್ರಾಕ್ಟರ್ 1957ರಲ್ಲಿ ವಿನ್ಯಾಸಗೊಳಿಸಿದ ವೇಫೇರರ್ ಎಂಬ ದೋಣಿ ಇದಕ್ಕೆ ಒಳ್ಳೆಯ ಮಾದರಿ: ಉದ್ದ 4.82 ಮೀಟರ್, ಅಗಲ 1.85 ಮೀಟರ್, ಒಡಲಿನ ತೂಕ 169 ಕಿಲೋ. ಹಲಗೆ ಇಳಿಸಿದಾಗ 1.17 ಮೀಟರ್ ಆಳ ಬೇಕು, ಎತ್ತಿದಾಗ ಸುಮಾರು 20 ಸೆಂಟಿಮೀಟರ್ ಸಾಕು. ಇಷ್ಟು ಹಗುರವಾದ ದೋಣಿ ನೆಟ್ಟಗೆ ನಿಲ್ಲುವುದು ತನ್ನ ಅಗಲದಿಂದ ಮತ್ತು ಗಾಳಿ ಬರುವ ಅಂಚಿನಲ್ಲಿ ಕೂತವರ ಭಾರದಿಂದ. ಅಂದರೆ ಇದು ಮಗುಚಬಲ್ಲ ದೋಣಿ. ಆದ್ದರಿಂದ ಮುಂದೆಯೂ ಹಿಂದೆಯೂ ಗಾಳಿ ತುಂಬಿದ ಮುಚ್ಚಿದ ಕೋಣೆಗಳಿರಬೇಕು, ಎಲ್ಲರೂ ಲೈಫ್ ಜಾಕೆಟ್ ತೊಟ್ಟಿರಬೇಕು, ಮಕ್ಕಳನ್ನು ಹತ್ತಿಸಿಕೊಳ್ಳುವ ಮುನ್ನ ನೀವಿಬ್ಬರೂ ಬೇಕೆಂದೇ ಒಮ್ಮೆ ಮಗುಚಿ ನೆಟ್ಟಗೆ ಮಾಡುವುದನ್ನು ಕಲಿತಿರಬೇಕು.

ಇನ್ನು ದಂಡೆಯ ಮಾತು. ಮಳೆಗಾಲ ಮುಗಿದಾಗ ತುಂಬಿ ನಿಂತ ಜಲಾಶಯದ ನೀರು ಬೇಸಿಗೆಯ ಹೊತ್ತಿಗೆ ಬಹಳ ದೂರ ಹಿಂದೆ ಸರಿದಿರುತ್ತದೆ, ನಡುವೆ ಉಳಿಯುವುದು ಹೂಳು. ನಾವು ಎರಿ ಎನ್ನುವ ಕಪ್ಪು ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಬೆಣ್ಣೆಯಂತಿರುತ್ತದೆ. ನನ್ನ ಟ್ರೈಲರ್ ಒಮ್ಮೆ ಅಚ್ಚಿನವರೆಗೆ ಹೂತುಹೋಗಿ, ಪಕ್ಕದ ಹೊಲದ ರೈತರೊಬ್ಬರು ಟ್ರ್ಯಾಕ್ಟರ್ ತಂದು ಎಳೆಯಬೇಕಾಯಿತು; ಅವರು ಕೇಳಿದ ಒಂದೇ ಪ್ರಶ್ನೆ, ಇದರಲ್ಲಿ ಎಷ್ಟು ಮೀನು ಹಿಡಿಯುತ್ತೀರಿ ಎಂಬುದು. ಅಂದಿನಿಂದ ಕಾರನ್ನು ಗಟ್ಟಿ ಮುರುಮಿನ ಮೇಲೆಯೇ ನಿಲ್ಲಿಸುತ್ತೇನೆ. ರಸ್ತೆಯ ಟ್ರೈಲರಿನ ಮೇಲೆ ಅಗಲವಾದ ಗಾಲಿಗಳ ಚಿಕ್ಕ ಕೈಗಾಡಿಯೊಂದು ಕೂರುವ ಜೋಡಿ ವ್ಯವಸ್ಥೆ ಇದಕ್ಕೆ ಅತ್ಯುತ್ತಮ: ಕೈಗಾಡಿ ಮಾತ್ರ ನೀರಿಗಿಳಿಯುತ್ತದೆ, ಓಡಿ ಬಿಸಿಯಾದ ಟ್ರೈಲರಿನ ಬೇರಿಂಗುಗಳು ತಣ್ಣೀರು ಹೀರಿಕೊಂಡು ಹಾಳಾಗುವುದೂ ತಪ್ಪುತ್ತದೆ.

ಆದರೆ ಕೆಸರಿನಲ್ಲಿ 169 ಕಿಲೋವನ್ನು ಇಬ್ಬರು ದೊಡ್ಡವರು ನೂಕುವುದು ಕಷ್ಟ. ಮಕ್ಕಳು ಚಿಕ್ಕವರಾಗಿದ್ದರೆ ಮಿರರ್ ಎಂಬ 3.3 ಮೀಟರಿನ ದೋಣಿಯನ್ನೂ ಪರಿಗಣಿಸಿ. ಅದರ ಒಡಲು 45.5 ಕಿಲೋ ಮಾತ್ರ. 1962ರ ಸುಮಾರಿಗೆ ಬಂದ ಆ ವಿನ್ಯಾಸದಲ್ಲಿ ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಗಾಜಿನ ನಾರಿನ ಪಟ್ಟಿಯನ್ನು ರಾಳದಲ್ಲಿ ಅಂಟಿಸುತ್ತಾರೆ. ನಾನು ಕಟ್ಟಿದ್ದೂ ಇದೇ ವಿಧಾನದಲ್ಲಿ. ನಾಲ್ವರಿಗೆ ಅದು ಇಕ್ಕಟ್ಟು, ಸರದಿಯ ಮೇಲೆ ಇಬ್ಬಿಬ್ಬರು ಹೋಗಬೇಕಾಗುತ್ತದೆ. ಒಂದು ಎಚ್ಚರಿಕೆ: ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಮರದ ದೋಣಿಯನ್ನು ಬಯಲಿನಲ್ಲಿ ಬಿಟ್ಟರೆ ಬಣ್ಣವೂ ಸಂದೂ ಬಿರಿಯುತ್ತವೆ, ನೆರಳು ಕಡ್ಡಾಯ.

ಹಾಯಿ ಕಟ್ಟುವ ಕಂಬವಾದ ಕೂವೆಮರವನ್ನು ಒಬ್ಬರೇ ಎತ್ತಿ ಇಳಿಸುವಂತಿರಬೇಕು. ದಂಡೆಯ ಪಂಪ್‌ಸೆಟ್ಟುಗಳಿಗೆ ಎಳೆದ ವಿದ್ಯುತ್ ತಂತಿಗಳು ಹಲವೆಡೆ ಜೋತುಬಿದ್ದಿರುತ್ತವೆ, ಅಲ್ಯೂಮಿನಿಯಂ ಕೂವೆ ಅವುಗಳಿಗೆ ತಾಗಿದರೆ ಪ್ರಾಣಕ್ಕೇ ಅಪಾಯ. ನೀರಿನ ಅಂಚಿನಲ್ಲಿ, ತಲೆಯೆತ್ತಿ ನೋಡಿದ ಮೇಲೆಯೇ ಅದನ್ನು ನಿಲ್ಲಿಸಿ. ಹಾಯಿಯನ್ನು ಅರ್ಧಕ್ಕೆ ಮಡಚಿ ಕಟ್ಟುವ ಏರ್ಪಾಡೂ ಬೇಕು, ಮುಂಗಾರಿನ ಪಡುವಣ ಗಾಳಿ ಇದ್ದಕ್ಕಿದ್ದಂತೆ ಬಿರುಸಾಗುತ್ತದೆ. ಆಲಿಕಲ್ಲಿನ ಏಪ್ರಿಲ್ ಸಂಜೆಗಳಲ್ಲಂತೂ ನೀರಿಗಿಳಿಯದಿರುವುದೇ ಲೇಸು.

ಜಲಾಶಯದ ಉಸ್ತುವಾರಿ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಿರಿ. ದೋಣಿ ಕೊಳ್ಳುವ ಮುನ್ನ ಮೇ ತಿಂಗಳಿನಲ್ಲಿ ಒಮ್ಮೆ ಬರಿಗೈಯಲ್ಲಿ ಹೋಗಿ ದಂಡೆಯುದ್ದಕ್ಕೂ ನಡೆದು ನೋಡಿ, ಆಗ ಹೊರಗೆ ಕಾಣುವ ಬಂಡೆ, ಮರದ ಬೊಡ್ಡೆಗಳ ಚಿತ್ರ ತೆಗೆದಿಟ್ಟುಕೊಳ್ಳಿ. ಅಕ್ಟೋಬರಿನಲ್ಲಿ ಅವೇ ನೀರೊಳಗಿಂದ ಸೆಂಟರ್‌ಬೋರ್ಡಿಗೆ ತಾಗುವುದು.