ಸಿಲಿಕಾಕ್ಕೆ ಅಂಟಿದ ತಾಮ್ರ: ಪಾಲಿಮರ್ ಬೆಳ್ಳಗಿದೆ, ಹಿಡಿತ ಮಾತ್ರ ಇಲ್ಲ

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಸಿಲಿಕಾ ಜೆಲ್‌ಗೆ ಇಮೈನ್ ಲಿಗ್ಯಾಂಡ್ (ಲೋಹವನ್ನು ಹಿಡಿದಿಡುವ ಅಣು) ಮೂಲಕ ಕಟ್ಟಿದ ಕಾಪರ್ ಬ್ರೋಮೈಡನ್ನು ಕ್ಯಾಟಲಿಸ್ಟ್ ಆಗಿ ಬಳಸಿ, ಎಟಿಆರ್‌ಪಿ (ಸರಪಳಿಗಳನ್ನು ಹಿಡಿತದಲ್ಲಿ ಬೆಳೆಸುವ ರಾಡಿಕಲ್ ಪಾಲಿಮರೀಕರಣ) ವಿಧಾನದಲ್ಲಿ ಮೀಥೈಲ್ ಮೆಥಾಕ್ರಿಲೇಟ್ ಪಾಲಿಮರ್ ಮಾಡುತ್ತಿದ್ದೇನೆ. ಸೋಸಿದರೆ ಬಣ್ಣವಿಲ್ಲದ ಪಾಲಿಮರ್ ಸಿಗುತ್ತದೆ. ಆದರೆ ಅಣುತೂಕ ಲೆಕ್ಕಕ್ಕಿಂತ ಹೆಚ್ಚು, ಡಿಸ್ಪರ್ಸಿಟಿ (ಸರಪಳಿಗಳ ಉದ್ದದ ಏರುಪೇರು; 1 ಎಂದರೆ ಎಲ್ಲವೂ ಸಮ) 1.7. ಅದೇ ಪುಡಿಯನ್ನು ಎರಡನೇ ಸಲ ಹಾಕಿದರೆ ಕ್ರಿಯೆ ಕುಂಟುತ್ತದೆ. ಏಕೆ?

ಉತ್ತರ: ತೂಕ–ಅಳತೆಯಲ್ಲಿ ತಪ್ಪು ಹುಡುಕಬೇಡಿ. ತೊಂದರೆ ಇರುವುದು ತಾಮ್ರವನ್ನು ಕಟ್ಟಿಹಾಕಿದ್ದರಲ್ಲೇ. ಕಾಪರ್-1 ಸರಪಳಿಯ ತುದಿಯ ಬ್ರೋಮಿನ್ ಕಿತ್ತು ರಾಡಿಕಲ್ (ಬೆಳೆಯಬಲ್ಲ ಚುರುಕು ತುದಿ) ಮಾಡುತ್ತದೆ, ತಾನು ಕಾಪರ್-2 ಆಗುತ್ತದೆ; ಕಾಪರ್-2 ಆ ಬ್ರೋಮಿನ್ ಮರಳಿಸಿ ಬೆಳವಣಿಗೆ ತಡೆಯುತ್ತದೆ. ತಾಮ್ರ ಕರಗಿದ್ದರೆ ತಾನೇ ರಾಡಿಕಲ್ ಬಳಿ ಬರುತ್ತದೆ. ನಿಮ್ಮಲ್ಲಿ ಉದ್ದನೆಯ ಸರಪಳಿಯೇ ಕಣದ ರಂಧ್ರದೊಳಕ್ಕೆ ತೆವಳಿಕೊಂಡು ಹೋಗಬೇಕು. ಅಷ್ಟರಲ್ಲಿ ಹತ್ತಾರು ಮಾನೋಮರ್ (ಸರಪಳಿಯ ಬಿಡಿ ಅಣುಗಳು) ಸೇರಿಬಿಟ್ಟಿರುತ್ತವೆ. ಜೋರಾಗಿ ಕಲಕಿದರೆ ಇದು ಸರಿಹೋಗದು. ಕಲಕುವ ಮ್ಯಾಗ್ನೆಟ್ ಸಿಲಿಕಾವನ್ನು ಅರೆದು ಸೋಸುವುದೇ ಕಷ್ಟವಾಗುತ್ತದೆ.

ಕಟ್ಟಿದ ತಾಮ್ರದ ಶೇ. 3ರಷ್ಟು ಕರಗುವ ಕಾಪರ್-2 ಸೇರಿಸಿ. ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಮಾತ್ಯಾಶೆವ್ಸ್ಕಿ ಗುಂಪು ತೋರಿಸಿಕೊಟ್ಟ ದಾರಿ ಇದು. ಸಿಲಿಕಾಕ್ಕೂ ರಾಡಿಕಲ್‌ಗೂ ನಡುವೆ ಬ್ರೋಮಿನ್ ಸಾಗಿಸುವ ಕೆಲಸ ಇದರದ್ದು. 5 ಮಿ.ಲೀ. ಮಾನೋಮರ್, 5 ಮಿ.ಲೀ. ಟಾಲೀನ್, 91 ಮಿ.ಗ್ರಾಂ ಈಥೈಲ್ 2-ಬ್ರೋಮೋಐಸೋಬ್ಯುಟಿರೇಟ್ (ಸರಪಳಿ ಶುರುಮಾಡುವ ಇನಿಶಿಯೇಟರ್), 0.47 ಮಿಲಿಮೋಲ್ ತಾಮ್ರ ಇರುವಷ್ಟು ಪುಡಿ ತೆಗೆದುಕೊಂಡಿದ್ದೀರೆನ್ನಿ. ಇದಕ್ಕೆ ಬೇಕಾದ ಕಾಪರ್-2 ಬ್ರೋಮೈಡ್ 3 ಮಿ.ಗ್ರಾಂ ಮಾತ್ರ, ನೇರವಾಗಿ ತೂಗಲು ಹೋಗಬೇಡಿ. 30 ಮಿ.ಗ್ರಾಂ ಬ್ರೋಮೈಡ್, 31 ಮಿ.ಗ್ರಾಂ ಮೀ-6-ಟ್ರೆನ್ ಲಿಗ್ಯಾಂಡ್ ಎರಡನ್ನೂ 5 ಮಿ.ಲೀ. ಡಿಎಂಎಫ್ ದ್ರಾವಕದಲ್ಲಿ ಕರಗಿಸಿ, 0.5 ಮಿ.ಲೀ. ಹಾಕಿ. ಡಿಸ್ಪರ್ಸಿಟಿ 1.2ರ ಆಸುಪಾಸಿಗೆ ಇಳಿಯಬೇಕು. ಈ ತಾಮ್ರವೆಲ್ಲ ಪಾಲಿಮರ್‌ನಲ್ಲೇ ಉಳಿದರೂ ಸುಮಾರು 180 ಪಿಪಿಎಂ. ನ್ಯೂಟ್ರಲ್ ಅಲ್ಯೂಮಿನಾ ಕಾಲಂನಲ್ಲಿ ಇಳಿಸಿದರೆ ಬಹುಪಾಲು ಹೋಗುತ್ತದೆ.

ಇನ್ನು ಮರುಬಳಕೆ. ಸೋಸುವಾಗ ಪುಡಿ ಹಸಿರಾಗಿದ್ದರೆ ಗಾಳಿ ತಾಗಿ ಕಾಪರ್-1 ಆಕ್ಸಿಡೈಸ್ ಆಗಿದೆ. ನೈಟ್ರೋಜನ್ ಅಡಿಯಲ್ಲೇ ಸೋಸಿ, ಆಕ್ಸಿಜನ್ ತೆಗೆದ ಟಾಲೀನ್‌ನಲ್ಲಿ ತೊಳೆಯಿರಿ. ಮೆಥನಾಲ್ ಬೇಡವೇ ಬೇಡ: ಪಾಲಿಮರ್ ರಂಧ್ರದೊಳಗೇ ಗಟ್ಟಿಯಾಗಿ ಕೂತುಬಿಡುತ್ತದೆ. ಈಗಾಗಲೇ ಹಸಿರಾದ ಪುಡಿಯನ್ನು ಟಾಲೀನ್‌ನಲ್ಲಿ ಎಐಬಿಎನ್ (ಬಿಸಿಗೆ ಒಡೆದು ರಾಡಿಕಲ್ ಕೊಡುವ ವಸ್ತು) ಜೊತೆ 70 ಡಿಗ್ರಿಯಲ್ಲಿ ಕಾಯಿಸಿದರೆ ಕಾಪರ್-2 ಮತ್ತೆ ಕಾಪರ್-1 ಆಗುತ್ತದೆ. ಆದರೆ ಆಗ ಹುಟ್ಟುವ ಬ್ರೋಮೋನೈಟ್ರೈಲ್ ಸ್ವತಃ ಇನಿಶಿಯೇಟರ್. ಚೆನ್ನಾಗಿ ತೊಳೆಯದಿದ್ದರೆ ಮುಂದಿನ ಸಲ ಅಣುತೂಕ ಲೆಕ್ಕಕ್ಕಿಂತ ಕಡಿಮೆ ಬರುತ್ತದೆ.

ತಾಮ್ರ ಸೋರುತ್ತಿರುವ ಸಾಧ್ಯತೆಯೂ ಇದೆ, ಏಕೆಂದರೆ ಇಮೈನ್ ಬಂಧ ತೇವಕ್ಕೆ ಒಡೆಯುತ್ತದೆ. ಕರಗುವ ತಾಮ್ರ ಸೇರಿಸದ ಒಂದು ಪ್ರಯೋಗವನ್ನು ಅರ್ಧದಲ್ಲಿ, ಬಿಸಿ ಇರುವಾಗಲೇ ನೈಟ್ರೋಜನ್ ಅಡಿ ಸೋಸಿ, ಸೋಸಿದ ದ್ರವವನ್ನು ಅದೇ ಉಷ್ಣತೆಯಲ್ಲಿ ಕಾಯಿಸುತ್ತ ಹೋಗಿ. ಪರಿವರ್ತನೆ ಏರುತ್ತಲೇ ಇದ್ದರೆ ತಾಮ್ರ ಸಿಲಿಕಾದಿಂದ ಕಳಚಿ ಬರುತ್ತಿದೆ.