ಮಗ ರಿಪೇರಿ ವಿಭಾಗದಲ್ಲಿದ್ದಾನೆ ಎನ್ನಲು ಸಂಕೋಚವೇಕೆ?

‘ಒಬ್ಬ ತಾಯಿ’ ಎಂದಷ್ಟೇ ಸಹಿ ಹಾಕಿರುವ ಓದುಗರಿಗೆ,

ನಿಮ್ಮ ದೀರ್ಘ ಪತ್ರವನ್ನು ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಸಾರ ಇಷ್ಟು: ಮಗ ಸೇನೆಗೆ ಸೇರಿದ್ದಾನೆ. ಸಮವಸ್ತ್ರದಲ್ಲಿರುವ ಅವನ ಫೋಟೊ, ಅವನಿರುವ ಊರು, ರಜೆಗೆ ಹೊರಡುವ ದಿನ, ಎಲ್ಲವನ್ನೂ ನೀವು ಫೇಸ್‌ಬುಕ್‌ನಲ್ಲಿ ಹಾಕಿದಿರಿ. ಅವನು ಫೋನ್ ಮಾಡಿ ರೇಗಿದ, ತೆಗೆಸಿದ. ಸಾಲದ್ದಕ್ಕೆ, ನೆಂಟರೆದುರು ನೀವು ‘ಗಡಿ ಕಾಯುತ್ತಿದ್ದಾನೆ’ ಎಂದಾಗ ‘ನಾನು ಲಾರಿ ರಿಪೇರಿ ಮಾಡುವವನು’ ಎಂದು ನಕ್ಕುಬಿಟ್ಟ. ಹೆತ್ತವಳು ಹೆಮ್ಮೆ ಪಡುವುದೂ ತಪ್ಪೇ ಎಂದು ಕೇಳಿದ್ದೀರಿ.

ತಪ್ಪೇನೂ ಇಲ್ಲ. ಹೆಮ್ಮೆ ಪಡಿ, ನಾಲ್ಕು ಜನರ ಮುಂದೆ ಹೇಳಿಕೊಳ್ಳಿ. ಆದರೆ ನೀವು ಹೇಳಿಕೊಳ್ಳುತ್ತಿರುವುದು ಯಾರ ಬಗ್ಗೆ? ಬಂದೂಕು ಹಿಡಿದು ಗಡಿಯಲ್ಲಿ ನಿಂತ ಆ ಯುವಕ ನಿಮ್ಮ ಕಲ್ಪನೆಯವನು. ನಿಮ್ಮ ಮಗ ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ಎಂಜಿನ್ನಿನ ಕೆಳಗೆ ಮಲಗಿದ್ದಾನೆ. ಅವನ ನಗುವಿನಲ್ಲಿ ನಿಮಗೆ ಅವಮಾನ ಕಂಡಿತು. ನನಗೆ ಕೇಳಿಸಿದ್ದು ‘ಅಮ್ಮಾ, ನಾನು ಇಲ್ಲಿದ್ದೇನೆ’ ಎಂಬ ದೂರು.

ಆ ಕೆಲಸವನ್ನು ಕೀಳಾಗಿ ಕಾಣಬೇಡಿ. ಎರಡನೇ ಮಹಾಯುದ್ಧದಲ್ಲಿ, 1943ರ ಜುಲೈನಲ್ಲಿ, ರಷ್ಯಾದ ಕುರ್ಸ್ಕ್ ಕಾಳಗಕ್ಕೆ ಜರ್ಮನಿ ಸುಮಾರು 200 ಹೊಚ್ಚಹೊಸ ಪ್ಯಾಂಥರ್ ಟ್ಯಾಂಕುಗಳನ್ನು ಇಳಿಸಿತು. ಶತ್ರುವಿನ ಗುಂಡು ತಗುಲುವ ಮೊದಲೇ ಹಲವು ಟ್ಯಾಂಕುಗಳು ಕೆಟ್ಟು ನಿಂತವು. ಕೆಟ್ಟುನಿಂತ ಟ್ಯಾಂಕಿನೊಳಗಿನ ಶೂರ ಏನು ಮಾಡಬಲ್ಲ? ಯಾವ ದೇಶದ ಸೇನೆಯೇ ಆಗಲಿ, ಗುಂಡು ಹಾರಿಸುವವರ ಹಿಂದೆ ಅಡುಗೆಯವರು, ಚಾಲಕರು, ಉಗ್ರಾಣದವರು, ದಾದಿಯರು, ಮೆಕ್ಯಾನಿಕ್‌ಗಳ ದೊಡ್ಡ ದಂಡೇ ಇರುತ್ತದೆ. ಪದಕಗಳು ಅವರ ಕಡೆ ಬರುವುದು ಕಡಿಮೆ, ಅಷ್ಟೇ. 1945ರಲ್ಲಿ ಬ್ರಿಟನ್ನಿನ ರಾಜಕುಮಾರಿ ಎಲಿಜಬೆತ್ ಸೇನೆಯ ಮಹಿಳಾ ವಿಭಾಗಕ್ಕೆ ಸೇರಿ ವಾಹನ ಚಾಲನೆ, ದುರಸ್ತಿ ಕಲಿತಾಗ, ತಂದೆ ಆರನೇ ಜಾರ್ಜ್ ದೊರೆ ರಾಣಿಯೊಡನೆ ಅವಳ ತರಬೇತಿ ಕೇಂದ್ರಕ್ಕೇ ಹೋಗಿ ಮಗಳು ಎಂಜಿನ್ ಕೆಲಸ ಕಲಿಯುವುದನ್ನು ನೋಡಿದರು. ದೊರೆಗಿಲ್ಲದ ಸಂಕೋಚ ನಮಗೇಕೆ ತಾಯೀ?

ಇನ್ನು ಫೇಸ್‌ಬುಕ್ ವಿಷಯ. ಇಲ್ಲಿ ನಾನು ಪೂರ್ತಿ ನಿಮ್ಮ ಮಗನ ಪಕ್ಷ. ಓಟ, ನಡಿಗೆಯ ಲೆಕ್ಕ ಇಡುವ ಸ್ಟ್ರಾವಾ ಎಂಬ ಆ್ಯಪ್ 2017ರ ಕೊನೆಯಲ್ಲಿ ತನ್ನ ಬಳಕೆದಾರರ ಓಡಾಟದ ಒಂದು ಭೂಪಟ ಪ್ರಕಟಿಸಿತು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಆದರೂ ಅಫ್ಘಾನಿಸ್ತಾನ, ಸಿರಿಯಾದಂಥ ಕಡೆಗಳಲ್ಲಿ ಸೈನಿಕರು ಬೆಳಗ್ಗೆ ಓಡಿದ ದಾರಿಗಳೇ ನೆಲೆಗಳ ನಕ್ಷೆಯನ್ನು ಬಿಡಿಸಿಟ್ಟಿರುವುದು 2018ರ ಜನವರಿಯಲ್ಲಿ ಬಯಲಾಯಿತು. ಹೆಸರಿಲ್ಲದ ಗೆರೆಗಳೇ ಅಷ್ಟು ಹೇಳಿದವು ಎಂದಮೇಲೆ, ಹೆಸರು, ಮುಖ, ಊರು, ತಾರೀಖು ಒಟ್ಟಿಗೆ ಸಿಕ್ಕರೆ ಏನೇನು ತಿಳಿಯಬಹುದೋ ನೀವೇ ಯೋಚಿಸಿ. ರೇಗಿದ್ದು ಒರಟಾಯಿತು, ಒಪ್ಪುತ್ತೇನೆ. ಅವನ ಜೊತೆ ಪ್ರಯಾಣ ಮಾಡುವ ಸಂಗಡಿಗರ ತಾಯಂದಿರೂ ಇದ್ದಾರೆ ಎಂಬುದನ್ನು ಮಾತ್ರ ಮರೆಯಬೇಡಿ.

ಪತ್ರದ ಕೊನೆಯಲ್ಲಿ, ಹೇಳಲೋ ಬೇಡವೋ ಎಂಬಂತೆ, ಫೋನ್ ಬಾರದ ರಾತ್ರಿ ನಿದ್ದೆ ಹತ್ತುವುದಿಲ್ಲ ಎಂದು ಬರೆದು, ‘ಸೈನಿಕನ ತಾಯಿ ಹೀಗೆ ಅಂಜಬಾರದು’ ಎಂದು ಸೇರಿಸಿದ್ದೀರಿ. ಯಾರು ಹಾಗೆಂದವರು? 1965ರ ಯುದ್ಧದಲ್ಲಿ ಜನರಲ್ ಕಾರ್ಯಪ್ಪನವರ ಪೈಲಟ್ ಮಗ ಪಾಕಿಸ್ತಾನದ ಸೆರೆಯಾದ. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೊಮ್ಮೆ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಮಗನನ್ನು ಬಿಡುಗಡೆ ಮಾಡುವ ಮಾತು ಬಂದಾಗ ಕಾರ್ಯಪ್ಪನವರು ವಿಶೇಷ ಉಪಕಾರ ಬೇಡವೆಂದು, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂದು ತಿಳಿಸಿದ್ದು ಪ್ರಸಿದ್ಧ. ಇದನ್ನು ಕಲ್ಲೆದೆಯ ಕಥೆ ಎಂಬಂತೆ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಎಲ್ಲರಲ್ಲಿ ಅವರ ಮಗನೂ ಇದ್ದನಲ್ಲ! ಅಪ್ಪನ ಕಳವಳ ಅದೇ ಕೋರಿಕೆಯೊಳಗೆ ಇತ್ತು, ತನ್ನವನಿಗೆಂದು ಪ್ರತ್ಯೇಕ ಪಾಲು ಕೇಳಲಿಲ್ಲ, ಅಷ್ಟೆ.

ಹಾಗಾಗಿ ಅಂಜಿಕೆಯನ್ನು ಮುಚ್ಚಿಡಲು ವೀರನ ಕಥೆ ಕಟ್ಟುವ ಅಗತ್ಯವಿಲ್ಲ. ಮುಂದಿನ ಸಲ ಫೋನ್ ಬಂದಾಗ, ‘ಊಟ ಆಯಿತೇ’ ಎಂದು ಕೇಳಿದ ಮೇಲೆ, ಈ ವಾರ ಯಾವ ಗಾಡಿ ಕಾಡಿಸಿತು, ಹೇಗೆ ಸರಿಮಾಡಿದೆ ಎಂದು ಕೇಳಿ ನೋಡಿ. ಹೇಳಬಾರದ್ದನ್ನು ಅವನು ಹೇಳುವುದಿಲ್ಲ. ಉಳಿದದ್ದನ್ನು ನೀವು ಸಾಕೆನ್ನುವವರೆಗೂ ಹೇಳಿಯಾನು.

ಪ್ರಕಟಣೆಗೆಂದು ಕಳುಹಿಸಿದ ಫೋಟೊವನ್ನು ಹಾಕಿಲ್ಲ. ಎದೆಯ ಮೇಲಿನ ಹೆಸರು, ತೋಳಿನ ಲಾಂಛನ ಎರಡೂ ಸ್ಪಷ್ಟವಾಗಿ ಕಾಣುತ್ತವೆ. ಅವನು ಒಪ್ಪಿ, ತಾನೇ ಆರಿಸಿದ ಒಂದು ಚಿತ್ರ ಕೊಟ್ಟರೆ ಸಂತೋಷವಾಗಿ ಅಚ್ಚು ಹಾಕುತ್ತೇವೆ.

– ಸಂಪಾದಕ