ಮೊದಲು ಮುಚ್ಚಳ, ಕೊನೆಗೆ ಸೀರೆ

ಪ್ರಶ್ನೆ: ಅಕ್ಕಾ, ನಮ್ಮದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಒನ್ ಬಿಎಚ್‌ಕೆ. ಅತ್ತೆ, ನಾವಿಬ್ಬರು, ಎರಡು ಮಕ್ಕಳು. ಬಾಕ್ಸ್ ಬೆಡ್ ತುಂಬಿದೆ, ಲಾಫ್ಟ್ ತುಂಬಿದೆ, ಬಾಲ್ಕನಿಯಲ್ಲಿ ಕಾಲಿಡಲು ಜಾಗ ಇಲ್ಲ. ಹೋದ ದೀಪಾವಳಿಗೆ ಹಠ ಹಿಡಿದು ಕಪಾಟಿನ ಸೀರೆಗಳನ್ನೆಲ್ಲ ಮಂಚದ ಮೇಲೆ ಸುರಿದೆ. ಸಂಜೆಯಾದರೂ ಒಂದನ್ನೂ ಕೊಡಲು ಮನಸ್ಸು ಬರಲಿಲ್ಲ. ಅತ್ತೆಯ ಜೊತೆ ಮಾತಿಗೆ ಮಾತು ಬೆಳೆಯಿತು. ಎಲ್ಲ ಮತ್ತೆ ಒಳಗೆ ತುರುಕಿದೆ. ಎಲ್ಲಿಂದ ಶುರು ಮಾಡಲಿ?
ಹೆಸರು ಬೇಡ, ಡೊಂಬಿವಲಿ

ಉತ್ತರ: ನೀವು ಎಲ್ಲಕ್ಕಿಂತ ಕಷ್ಟದ ಕಡೆಯಿಂದ ಶುರು ಮಾಡಿದ್ದೀರಿ. ಸೀರೆ ಅಂದರೆ ಮದುವೆ, ಸೀಮಂತ, ತವರು, ತೀರಿಕೊಂಡವರು ಉಡಿಸಿದ್ದು. ಅದನ್ನು ಕೈಯಲ್ಲಿ ಹಿಡಿದು ಬೇಕಾ ಬೇಡವಾ ಅಂತ ಮೊದಲ ದಿನವೇ ಕೇಳಿಕೊಂಡರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ಸೀರೆಯ ಕಪಾಟು ಮುಚ್ಚಿಬಿಡಿ. ಸದ್ಯಕ್ಕೆ ಅದರ ಸುದ್ದಿಗೇ ಹೋಗಬೇಡಿ.

ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ನೆಲಕ್ಕೆ ಇಳಿಸಿ. ಐಸ್‌ಕ್ರೀಂ ಡಬ್ಬಿ, ಹೋಟೆಲ್ ಪಾರ್ಸೆಲ್ ಬಂದ ಕರಿ ಡಬ್ಬಿ, ಮಕ್ಕಳ ಹಳೆ ಟಿಫಿನ್, ಒಂದನ್ನೂ ಬಿಡಬೇಡಿ. ಪ್ರತಿ ಡಬ್ಬಿಗೂ ಅದರ ಮುಚ್ಚಳ ಹುಡುಕಿ ಹಾಕಿ. ಡಬ್ಬಿ ಇಲ್ಲದ ಮುಚ್ಚಳ, ಮುಚ್ಚಳ ಇಲ್ಲದ ಡಬ್ಬಿ, ಅಂಚು ಸೊಟ್ಟಗಾಗಿ ಒತ್ತಿದರೂ ಕೂರದ್ದು, ಅರಿಸಿನದ ಹಳದಿ ಮತ್ತು ಎಣ್ಣೆ ಜಿಡ್ಡು ಹೋಗದೆ ಒಳಗೆಲ್ಲ ಗೀರು ಬಿದ್ದದ್ದು, ಇವೆಲ್ಲ ಹೊರಗೆ. ಪಾರ್ಸೆಲ್ ಡಬ್ಬಿಗಳು ಒಂದು ಸಲದ ಬಳಕೆಗೆ ಅಂತ ಮಾಡಿದವು, ಅದರಲ್ಲಿ ಬಿಸಿ ಸಾಂಬಾರು ಹಾಕಿಡುವುದು ಒಳ್ಳೆಯದೂ ಅಲ್ಲ. ಇಲ್ಲಿ ಯಾರ ನೆನಪೂ ಅಂಟಿಕೊಂಡಿಲ್ಲ, ಅತ್ತೆಯೂ ಬೇಡ ಅನ್ನುವುದಿಲ್ಲ. ಹೀಗೆ ಬೇಡ ಅನ್ನುವುದು ಕೈಗೆ ರೂಢಿಯಾಗಲಿ. ಅಷ್ಟಕ್ಕೇ ಒಂದು ಶೆಲ್ಫ್ ಖಾಲಿಯಾಗುತ್ತದೆ. ಆ ಖಾಲಿ ಜಾಗ ಕಣ್ಣಿಗೆ ಬಿದ್ದ ಮೇಲೆ ಮುಂದಿನ ಕೆಲಸಕ್ಕೆ ಯಾರೂ ಒತ್ತಾಯ ಮಾಡಬೇಕಾಗಿಲ್ಲ.

ಎರಡನೆಯದು ಔಷಧಿ ಡಬ್ಬ. ಮಾತ್ರೆ ಪಟ್ಟಿಯ ಮೇಲೆ ಎಕ್ಸ್‌ಪೈರಿ ಅಂತ ತಿಂಗಳು, ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಅಂತ ಲೆಕ್ಕ. ಕಣ್ಣಿನ ಡ್ರಾಪ್ಸ್‌ಗೆ ಆ ಲೆಕ್ಕ ಸಾಲದು, ಮುಚ್ಚಳ ತೆರೆದ ಮೇಲೆ ಸಾಮಾನ್ಯವಾಗಿ 4 ವಾರ, ಆಮೇಲೆ ಅದರಲ್ಲಿ ಅರ್ಧ ಉಳಿದಿದ್ದರೂ ಕಣ್ಣಿಗೆ ಬಿಡಬಾರದು. ಮಕ್ಕಳಿಗೆ ನೀರು ಬೆರೆಸಿ ಕೊಡುವ ಆ್ಯಂಟಿಬಯಾಟಿಕ್ ಸಿರಪ್ ಕೂಡ ಹಾಗೇ, ಬೆರೆಸಿದ ಮೇಲೆ 7ರಿಂದ 14 ದಿನ ಅಷ್ಟೇ. ಹಳೆ ಔಷಧಿಯನ್ನು ಓಲಾ ಕಚರಾ (ಹಸಿ ಕಸ), ಸುಕಾ ಕಚರಾ (ಒಣ ಕಸ) ಎರಡಕ್ಕೂ ಸುರಿಯಬೇಡಿ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಇವನ್ನು ಟ್ಯೂಬ್‌ಲೈಟ್, ಬ್ಯಾಟರಿಗಳ ಜೊತೆ ಮನೆಯ ಅಪಾಯಕಾರಿ ಕಸ ಅಂತ ಸೇರಿಸಿದ್ದಾರೆ. ಬೇರೆ ಕಟ್ಟಿ, ಮೇಲೆ ಬರೆದು, ಕಸದವರ ಕೈಗೆ ಹೇಳಿ ಕೊಡಿ. ಅವರು ಬರಿಗೈಯಲ್ಲಿ ಕಸ ಬೇರ್ಪಡಿಸುವವರು, ಅದು ನಮ್ಮ ಗಮನದಲ್ಲಿರಬೇಕು.

ಪ್ಲಾಸ್ಟಿಕ್ ಚೀಲಗಳ ವಿಷಯ ಬೇಗ ಮುಗಿಸುತ್ತೇನೆ. ಮಹಾರಾಷ್ಟ್ರದಲ್ಲಿ 2018ರಿಂದ ಅದಕ್ಕೆ ನಿಷೇಧ ಇದೆ, ಆದರೂ ಎಲ್ಲರ ಮನೆ ಬಾಗಿಲ ಹಿಂದೆ ಚೀಲದೊಳಗೆ ಚೀಲ ತುರುಕಿದ ಒಂದು ಗಂಟು ಇದ್ದೇ ಇದೆ ಅಲ್ವಾ. ಒಂದು ಸಣ್ಣ ಡಬ್ಬಿಯಲ್ಲಿ ಹಿಡಿಯುವಷ್ಟು ಇಟ್ಟುಕೊಳ್ಳಿ, ಉಳಿದದ್ದು ಸುಕಾ ಕಚರಾಕ್ಕೆ.

ಕಾಗದಕ್ಕೆ ಮಾತ್ರ ಸ್ವಲ್ಪ ನಿಧಾನ ಬೇಕು. ಹಳೆ ಪೇಪರು, ಮುಗಿದ ನೋಟ್‌ಬುಕ್ ರದ್ದಿವಾಲಾನಿಗೆ ಕೊಡಿ, ಯೋಚನೆಯೇ ಬೇಡ. ಆದರೆ ಫೈಲುಗಳನ್ನು ಒಂದೊಂದು ಹಾಳೆ ತಿರುವಿ ನೋಡದೆ ಕೊಡಬೇಡಿ. ಮನೆಯ ಅಗ್ರಿಮೆಂಟ್, ಸೊಸೈಟಿಯ ಶೇರ್ ಸರ್ಟಿಫಿಕೇಟ್ ಎಂದೆಂದಿಗೂ ಬೇಕು. ಮಾವನ ಕಾಲದ ಕಂಪನಿ ಷೇರು ಪತ್ರ ಸಿಕ್ಕರೆ ಅದನ್ನೂ ತೆಗೆದಿಡಿ. ಲಿಸ್ಟ್ ಆದ ಕಂಪನಿಯ ಕಾಗದದ ಷೇರನ್ನು 2019ರ ಏಪ್ರಿಲ್ 1ರಿಂದ ಡಿಮ್ಯಾಟ್, ಅಂದರೆ ಎಲೆಕ್ಟ್ರಾನಿಕ್ ರೂಪಕ್ಕೆ, ಮಾಡಿಸದೆ ಮಾರಲು ಆಗುವುದಿಲ್ಲ ನಿಜ, ಆದರೆ ಹಾಗಂತ ಹಕ್ಕು ಹೋಗುವುದಿಲ್ಲ. ಏಳು ವರ್ಷ ಸತತವಾಗಿ ಯಾರೂ ಡಿವಿಡೆಂಡ್ (ಲಾಭಾಂಶ) ತೆಗೆದುಕೊಳ್ಳದೆ ಷೇರು ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ (ಐಇಪಿಎಫ್) ಹೋಗಿದ್ದರೂ ವಾರಸುದಾರರು ಅರ್ಜಿ ಹಾಕಿ ವಾಪಸ್ ಪಡೆಯಬಹುದು. ಇಂಥ ಕಾಗದ ಮಂಚದ ಕೆಳಗೆ ಬೇಡ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ ಕೆಳಗಿನ ಮನೆಗಳಲ್ಲಿ ಮೊದಲು ಮುದ್ದೆಯಾದದ್ದು ತಳದಲ್ಲಿ ಇಟ್ಟ ಕಾಗದಗಳೇ.

ತೆಗೆದ ಸಾಮಾನು ಅವತ್ತೇ ಹೊಸ್ತಿಲು ದಾಟಬೇಕು. ನಮ್ಮ ಮುಂಬೈ ಮನೆಗಳಲ್ಲಿ ಆಗುವುದೇನು ಅಂದರೆ, ಬೇಡದ್ದು ಬಾಕ್ಸ್ ಬೆಡ್‌ನಿಂದ ಲಾಫ್ಟಿಗೆ ಹೋಗುತ್ತದೆ, ಲಾಫ್ಟಿನಿಂದ ಬಾಲ್ಕನಿಗೆ ಬರುತ್ತದೆ, ಮಳೆಗಾಲ ಬಂತು ಅಂತ ಮತ್ತೆ ಒಳಗೆ. ಭಂಗಾರ್‌ವಾಲಾ (ಗುಜರಿಯವನು) ಬರುವ ದಿನ ಕೇಳಿಕೊಂಡು ಅವತ್ತೇ ಕೆಲಸಕ್ಕೆ ಇಳಿಯಿರಿ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬಂದರೆ ಒಂದು ಮಾತು ನೆನಪಿಡಿ: ಬಟ್ಟೆ ಹೋದ ಜಾಗಕ್ಕೆ ಪಾತ್ರೆ ಬರುತ್ತದೆ. ನಿಜವಾಗಿ ಬೇಕಾದ ಪಾತ್ರೆ ಇದ್ದರೆ ಮಾತ್ರ ಕರೆಯಿರಿ. ಇಲ್ಲದಿದ್ದರೆ ಉಡಲು ಯೋಗ್ಯವಾದ ಬಟ್ಟೆಯನ್ನು ಒಗೆದು, ಗುಂಡಿ ಹಾಕಿ, ಗೂಂಜ್‌ನಂಥ ಸಂಸ್ಥೆಗೆ ಕೊಡಿ. ಹರಿದದ್ದನ್ನು ದಾನದ ಗಂಟಿಗೆ ಸೇರಿಸುವುದು ಮಾತ್ರ ತಪ್ಪು. ತೆಗೆದುಕೊಳ್ಳುವವರಿಗೂ ಮರ್ಯಾದೆ ಇದೆ.

ಇನ್ನು ಅತ್ತೆ. ಅವರ ಸಾಮಾನಿಗೆ ನೀವು ಕೈ ಹಾಕಬೇಡಿ, ಅವರಿಲ್ಲದಾಗಂತೂ ಬೇಡವೇ ಬೇಡ. ಲಾಫ್ಟಿನಲ್ಲಿ ಅವರ ಹಿತ್ತಾಳೆ ಹಂಡೆ ಇದ್ದರೆ ಇರಲಿ ಬಿಡಿ. ಊರಿನ ಮನೆಯಿಂದ ಇಷ್ಟು ದೂರ ಬಂದು ಈ ಸಣ್ಣ ಜಾಗದಲ್ಲಿ ಜೀವನ ಮಾಡಿದವರಿಗೆ ಅದು ಬರೀ ಪಾತ್ರೆ ಅಲ್ಲ. ನಿಮ್ಮ ಸಾಮಾನು, ಮಕ್ಕಳ ಸಾಮಾನು ಮೊದಲು ಹೋಗಲಿ. ಮನೆ ಹಗುರಾಗುವುದು ಕಂಡರೆ ಅವರೇ ಒಂದು ದಿನ ತಮ್ಮ ಟ್ರಂಕ್ ತೆರೆದು ಕೂರಬಹುದು. ಆಗ ಪಕ್ಕದಲ್ಲಿ ಕೂತು ಕೇಳಿ. ಸೀರೆ ಕಪಾಟು ತೆರೆಯಲೂ ಅದೇ ಸರಿಯಾದ ಹೊತ್ತು, ಯಾವುದು ಯಾರಿಗೆ ಅಂತ ಇಬ್ಬರೂ ಕೂತು ಮಾತಾಡಬಹುದು.

ಪ್ರಶ್ನೆ: ಪ್ರತಿ ಸಂಕ್ರಾಂತಿಗೆ ಇಲ್ಲಿ ಹಳದಿ-ಕುಂಕುಮಕ್ಕೆ ಕರೆಯುತ್ತಾರೆ. ವಾಣ ಅಂತ ಕೊಟ್ಟ ಸ್ಟೀಲ್ ಬಟ್ಟಲು, ಪ್ಲಾಸ್ಟಿಕ್ ಬುಟ್ಟಿ, ಸೋಪಿನ ಡಬ್ಬಿ ರಾಶಿ ಬಿದ್ದಿವೆ. ಊರ ಕಡೆಯ ಬಾಗಿನದ ರವಿಕೆ ಕಣಗಳು ಬೇರೆ. ಮಂಗಳದ ವಸ್ತು, ಹೊರಗೆ ಹಾಕಿದರೆ ದೋಷವೇ?
ಓದುಗರು, ಠಾಣೆ

ಉತ್ತರ: ಹಾಕಬೇಡಿ, ಕೊಡಿ. ಕೊಟ್ಟವರು ಅರಿಸಿನ ಕುಂಕುಮ ಹಚ್ಚಿ ಪ್ರೀತಿಯಿಂದ ಕೊಟ್ಟಾಯಿತು, ನೀವು ತೆಗೆದುಕೊಂಡಾಯಿತು, ಅಲ್ಲಿಗೆ ಅದರ ಶಾಸ್ತ್ರ ಮುಗಿಯಿತು ಅಂತ ನಾನು ನಂಬುತ್ತೇನೆ. ಬಟ್ಟಲು, ಬುಟ್ಟಿ ಹೊಸದಾಗಿ ಸಂಸಾರ ಹೂಡಿದವರಿಗೆ ಬೇಕಾಗುತ್ತದೆ. ಮನೆಗೆಲಸಕ್ಕೆ ಬರುವವರನ್ನು ಕೇಳಿ ಕೊಡಿ, ಸುಮ್ನೆ ಅವರ ಕೈಗೆ ತುರುಕಬೇಡಿ. ರವಿಕೆ ಕಣದಲ್ಲಿ ಅಳತೆ ಸಾಕಾಗುವ ಕಾಟನ್ ಇದ್ದರೆ ಟೇಲರ್ ಹತ್ತಿರ ಅಸ್ತರ್‌ಗೆ ಬಳಸಲು ಹೇಳಿ. ಬಟ್ಟೆ ತೆಳುವಾಗಿದ್ದರೆ ಎರಡು ಸೇರಿಸಿ ತರಕಾರಿ ಚೀಲ ಹೊಲಿಸಿ. ಮತ್ತೆ ಮುಂದಿನ ಸಂಕ್ರಾಂತಿಗೆ ನೀವು ಕೊಡುವಾಗ ಬೆಲ್ಲ, ಎಳ್ಳು, ಒಂದು ಹಿಡಿ ಕಡಲೆಬೇಳೆ, ಹೀಗೆ ತಿಂದು ಮುಗಿಯುವಂಥದ್ದು ಕೊಡಿ. ನಿಮ್ಮ ಬಿಲ್ಡಿಂಗ್‌ನಲ್ಲಿ ಒಬ್ಬರು ಹಾಗೆ ಮಾಡಿದರೆ ಉಳಿದವರಿಗೂ ಧೈರ್ಯ ಬರುತ್ತದೆ.

ಪ್ರಶ್ನೆ: ನಮ್ಮವರು ಹಳೆ ಮೊಬೈಲು, ಚಾರ್ಜರು, ವೈರು ಯಾವುದನ್ನೂ ಬಿಡುವುದಿಲ್ಲ. ಡ್ರಾಯರ್ ಮುಚ್ಚುತ್ತಿಲ್ಲ. ಏನು ಮಾಡಲಿ?
ಓದುಗರು, ಪುಣೆ

ಉತ್ತರ: ಅವರನ್ನೇ ಕೂರಿಸಿ, ಪ್ರತಿ ವೈರೂ ಯಾವುದಕ್ಕೆ ಹೊಂದುತ್ತದೆ ಅಂತ ಹಚ್ಚಿ ತೋರಿಸಲು ಹೇಳಿ. ಹೊಂದುವ ಸಾಮಾನೇ ಮನೆಯಲ್ಲಿ ಇಲ್ಲದಿದ್ದರೆ ವೈರು ಹೊರಗೆ. ಮೊಬೈಲ್ ಕೊಡುವ ಮೊದಲು ಅದರೊಳಗಿನ ಫೋಟೋಗಳನ್ನು ಬೇರೆ ಕಡೆ ಉಳಿಸಿಕೊಂಡು, ಸಿಮ್ ಮತ್ತು ಮೆಮೊರಿ ಕಾರ್ಡ್ ಬಿಚ್ಚಿ, ಫ್ಯಾಕ್ಟರಿ ರೀಸೆಟ್ ಮಾಡಿ. ಬ್ಯಾಟರಿ ಉಬ್ಬಿದ್ದರೆ ಓದುವುದನ್ನು ನಿಲ್ಲಿಸಿ ಇವತ್ತೇ ಅದನ್ನು ಡ್ರಾಯರ್‌ನಿಂದ ತೆಗೆಯಿರಿ. ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ಅದಕ್ಕೆ ಬೆಂಕಿ ಹತ್ತುವ ಅಪಾಯ ಇದೆ. ಇವನ್ನು ಭಂಗಾರ್‌ಗೆ ಕೊಟ್ಟರೆ ತಾಮ್ರಕ್ಕಾಗಿ ವೈರು ಸುಡುತ್ತಾರೆ, ಆ ಹೊಗೆ ಬಲು ಕೆಟ್ಟದ್ದು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವನ್ನು ಮರುಬಳಕೆಗೆ ಕಳಿಸುವ ಹೊಣೆ ತಯಾರಿಸಿದ ಕಂಪನಿಯದು. ನಿಮ್ಮ ಮೊಬೈಲ್ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಹಳೆಯದನ್ನು ಎಲ್ಲಿ ತಲುಪಿಸಬೇಕು ಅಂತ ಕೇಳಿ.